ಗುಣಪಾಲಣ್ಣನಿಗೆ ಶಾಲು ಹೊದಿಸಿದ ಶುಕ್ರವಾರ

ಗುಣಪಾಲಣ್ಣ ನಮಗೆ ಪರಿಚಯವಾದದ್ದೇ ಸೋತು ಬಂದ ಮುಖದಲ್ಲಿ. 2014ರ ಚಳಿಗಾಲ. ನಾವು ಮೈಸೂರಿನಿಂದ ಬಂದು ದುಬೈಯ ಅಲ್ ನಹ್ದಾದಲ್ಲಿ ಮನೆ ಮಾಡಿ ಹೆಚ್ಚು ದಿನವಾಗಿರಲಿಲ್ಲ. ಮಗಳು ಸ್ಪಂದನಾಗೆ ಎ.ಸಿ. ಗಾಳಿಗೆ ಹಿಡಿದ ಕೆಮ್ಮು ಬಿಡುತ್ತಲೇ ಇರಲಿಲ್ಲ. ಅವಳನ್ನು ಕ್ಲಿನಿಕ್ಕಿಗೆ ತೋರಿಸಿಕೊಂಡು ಬಂದು ಲಿಫ್ಟಿಗೆ ಕಾಯುತ್ತಿದ್ದಾಗ, ಹಸಿರು ಜೆರ್ಸಿ ತೊಟ್ಟ, ಐವತ್ತು ದಾಟಿದ ಒಬ್ಬರು ನಮ್ಮ ಪಕ್ಕ ಬಂದು ನಿಂತರು. ಲಿಫ್ಟ್ ಬಂದು ಬಾಗಿಲು ತೆರೆದರೂ ಒಳಗೆ ಹೋಗಲಿಲ್ಲ. "ಬನ್ನಿ ಸಾರ್" ಎಂದ ನನ್ನ ಗಂಡ ರಘುನಂದನನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವು ಎಷ್ಟು ಹೈಟ್ ಮಾರ್ರೆ? ವಾಲಿಬಾಲ್ ಆಡಿ ಗೊತ್ತುಂಟಾ?"

ಕಾಲೇಜಿನಲ್ಲಿ ಆಡಿದ್ದೆ ಎಂದು ರಘು ಹೇಳಿದ್ದೇ ತಪ್ಪಾಯಿತು. ಮುಂದಿನ ಶುಕ್ರವಾರ ಅವನ ಮೈಮೇಲೂ ಹಸಿರು ಜೆರ್ಸಿ ಇತ್ತು, ಎದೆಯ ಮೇಲೆ 'ತೆಂಕಬೈಲು ಫ್ರೆಂಡ್ಸ್, ಯು.ಎ.ಇ.' ಎಂಬ ಅಕ್ಷರಗಳಿದ್ದವು. ತೆಂಕಬೈಲು ಉಡುಪಿ ಕಡೆಯ ಒಂದು ಊರು. ನಾವಿಬ್ಬರೂ ಅದನ್ನು ಕಂಡವರಲ್ಲ.

ಗುಣಪಾಲಣ್ಣ ಅಲ್ ಕೂಜ್‌ನ ಒಂದು ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಊರಿನಲ್ಲಿ ಹೆಂಡತಿ ಅಕ್ಕು, ಡಿಗ್ರಿ ಓದುವ ಮಗಳು ಇದ್ದರು. ಆದರೂ ಇಲ್ಲಿಯ ಲೆಕ್ಕದಲ್ಲಿ ಅವರು 'ಬ್ಯಾಚುಲರ್'. ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಇನ್ನೂ ಕೆಲವು ಬ್ಯಾಚುಲರ್‌ಗಳ ಜೊತೆ ಇದ್ದರು. ಫ್ಯಾಮಿಲಿ ಬಿಲ್ಡಿಂಗಿನಲ್ಲಿ ಇವರೆಲ್ಲ ಯಾಕಿದ್ದಾರೆ ಎಂದು ನಾನು ಮೊದಲು ಹೆದರಿದ್ದುಂಟು. ನನ್ನ ಸ್ವಭಾವವೇ ಹಾಗೆ, ಬಾಗಿಲಿಗೆ ಎರಡು ಚಿಲಕ ಹಾಕಿ ಮೂರನೆಯದು ಯಾಕಿಲ್ಲ ಎಂದು ಕೊರಗುವವಳು.

ಗುಣಪಾಲಣ್ಣ ಯಾವತ್ತೂ ತಂಡದಲ್ಲಿ ಆಡಿದವರಲ್ಲ. ಅವರೇ ಹೇಳುವಂತೆ ಅವರ ಸರ್ವಿಸ್ ನೆಟ್ಟಿನ ಕೆಳಗಿನಿಂದ ಹೋಗುತ್ತಿತ್ತು. ಆದರೆ ಅಲ್ ಕೂಜ್‌ನ ಲೇಬರ್ ಕ್ಯಾಂಪಿನ ಹಿಂದೆ ಎರಡು ಪಿಕಪ್‌ಗಳ ನಡುವೆ ಹಗ್ಗ ಕಟ್ಟಿ ಊರಿನ ಹುಡುಗರು ಆಡಲು ಶುರುಮಾಡಿದ ದಿನದಿಂದ ಅವರು ತಂಡದ ಜೊತೆಗಿದ್ದರು. ವಾರವಿಡೀ ಗೋಡೌನು, ಗುರುವಾರ ರಾತ್ರಿ ಬಟ್ಟೆ ಒಗೆಯುವುದು, ರಜೆಯ ಶುಕ್ರವಾರ ತಂಡ, ಬೇರೆ ಊರಿನ ತಂಡಗಳ ಜೊತೆ ಪಂದ್ಯ. ಇದು ಅವರ ಬದುಕು. ಆ ತಂಡವೋ, ಎರಡು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಪ್ರತಿ ಶನಿವಾರ ಸಂಜೆ ಅವರು ನಮ್ಮ ಮನೆಗೆ ಬಂದು ಹಿಂದಿನ ದಿನದ ಸೋಲನ್ನು ಮತ್ತೊಮ್ಮೆ ಮೊದಲಿನಿಂದ ಸೋಲುತ್ತಿದ್ದರು.

"ಅಲ್ಲ ರಘು, ನೀನು ಬಾಲು ಎತ್ತಿ ಕೊಟ್ಟದ್ದು ಯಾರಿಗೆ? ಅಧ್ಯಕ್ಷರ ಭಾವನಿಗೆ. ಅವನು ನೆಲ ಬಿಟ್ಟು ಮೇಲೆ ಹೋದದ್ದನ್ನು ಯಾರಾದ್ರೂ ಕಂಡದ್ದುಂಟಾ? ಅವನು ಹಾರುದು ವಿಮಾನದಲ್ಲಿ ಮಾತ್ರ."

"ಅವರನ್ನ ಮುಂದೆ ನಿಲ್ಲಿಸಿದ್ದು ನಾನಲ್ವಲ್ಲ ಗುಣಪಾಲಣ್ಣ."

"ಅದೇ ನಾನು ಹೇಳುದು. ಮ್ಯಾನೇಜ್‌ಮೆಂಟ್. ಜೆರ್ಸಿಗೆ ದುಡ್ಡುಂಟು, ಬ್ಯಾನರಿಗೆ ದುಡ್ಡುಂಟು. ಪ್ರಾಕ್ಟೀಸಿಗೆ ಒಂದು ಕೋರ್ಟ್ ಬುಕ್ ಮಾಡಿ ಅಂದ್ರೆ ಮಾಫಿ, ದುಡ್ಡೇ ಇಲ್ಲ. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಇಷ್ಟು ದೊಡ್ಡ, ಬಾಲು ಇಷ್ಟು ಸಣ್ಣ. ನೋಡಿದವರಿಗೆ ಇಲೆಕ್ಷನ್ ಅಂತ ಕಾಣ್ಬೇಕು."

ಸ್ಪಂದನಾ ಆಟಿಕೆ ಬಿಟ್ಟು ಹತ್ತಿರ ಬಂದು, "ಅಂಕಲ್, ಡಿಡ್ ಯು ಲೂಸ್ ಅಗೇನ್?" ಎಂದು ಕೇಳುತ್ತಿದ್ದಳು. ಅವರು ಅವಳ ಕೆನ್ನೆ ತಟ್ಟಿ, "ಖಲಾಸ್ ಮಗಾ" ಎನ್ನುತ್ತಿದ್ದರು. ಅವಳು ನರ್ಸರಿಯಲ್ಲಿ ಊಟದ ಡಬ್ಬಿ ಬಿದ್ದರೂ ಖಲಾಸ್ ಎನ್ನತೊಡಗಿದಳು. ನನಗೆ ಅದೂ ಒಂದು ಚಿಂತೆ.

ಮುಖ್ಯ ಚಿಂತೆ ಅವರ ಬಿ.ಪಿ. ಮಾತಾಡುತ್ತಾ ಅವರ ಕುತ್ತಿಗೆ ಕೆಂಪೇರುತ್ತಿತ್ತು. ಒಮ್ಮೆ ಅಕ್ಕು ಅವರು ಊರಿನಿಂದ ನನ್ನ ಜೊತೆಗೇ ಫೋನಿನಲ್ಲಿ ಮಾತಾಡಿ, "ಮಾತ್ರೆ ತಗೊಂಡ್ರಾ ಅಂತ ನೀವೊಂದು ಕೇಳಿ ಆಯ್ತಾ. ನಾನು ಕೇಳಿದ್ರೆ ಹ್ಞೂಂ ಅಂತಾರೆ. ಆ ಬಾಲಿನ ವಿಷ್ಯ ಮನೆಗೆ ತರ್ಬೇಡಿ ಅಂದ್ರೆ, ಮನೆ ಇಲ್ಲುಂಟು, ಬಾಲು ಅಲ್ಲುಂಟು ಅಂತಾರೆ" ಎಂದಿದ್ದರು. ನಾನು ಚಹದ ಜೊತೆ ಮಾತ್ರೆಯ ಮಾತನ್ನೂ ಎತ್ತುತ್ತಿದ್ದೆ. "ತಗೊಂಡೆ ತಂಗಿ" ಎನ್ನುತ್ತಿದ್ದರು. ತಗೊಂಡರೋ ಇಲ್ಲವೋ ಆ ದೇವರಿಗೇ ಗೊತ್ತು.

ಆ ವರ್ಷದ ಟೂರ್ನಿ ಹತ್ತಿರ ಬಂದಾಗ ಸಂಘಟಕರು ಹೊಸ ನಿಯಮ ಮಾಡಿದರು. ಸತತ ಮೂರು ವರ್ಷ ಒಂದೂ ಗೆಲ್ಲದ ತಂಡದ ಜಾಗವನ್ನು ಮುಂದಿನ ವರ್ಷ ಕಾಯುತ್ತಿರುವ ಬೇರೆ ಊರಿನ ತಂಡಕ್ಕೆ ಕೊಡುವುದು. ನಿಯಮದಲ್ಲಿ ಯಾರ ಹೆಸರೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಗುಣಪಾಲಣ್ಣ ಆ ಶನಿವಾರ ಬೈಯಲೇ ಇಲ್ಲ. ಸೋಫಾದ ತುದಿಯಲ್ಲಿ ಕುಳಿತು, "ತಂಡ ಇಲ್ದಿದ್ರೆ ಶುಕ್ರವಾರ ಎಂತ ಮಾಡುದು ಮಾರಾಯ?" ಎಂದು ರಘುವನ್ನು ಕೇಳಿದರು. ಟೂರ್ನಿಯಲ್ಲಿ ಜಾಗ ಹೋದರೆ ತಂಡವೂ ಉಳಿಯುವುದಿಲ್ಲ ಎಂಬ ಭಯ ಅದು. ರಘು ಟಿ.ವಿ.ಯ ವಾಲ್ಯೂಮ್ ಕಡಿಮೆ ಮಾಡಿದ.

ಅಧ್ಯಕ್ಷ ದ್ವಾರಕನಾಥರು ಅಬುಧಾಬಿಯಲ್ಲಿದ್ದರು. ಟೂರಿಸ್ಟ್ ಕ್ಲಬ್ ಏರಿಯಾದ ಅವರ ಫ್ಲ್ಯಾಟಿನಲ್ಲೇ ತಂಡದ ಮೀಟಿಂಗು ಕರೆದರು. ಕೆಟ್ಟ ಮನುಷ್ಯರೇನಲ್ಲ. ಯಾರಿಗಾದರೂ ಕೆಲಸ ಹೋದರೆ ನಾಲ್ಕು ಕಡೆ ಫೋನು ಮಾಡುವವರು. ಆದರೆ ಅವರಿಗೆ ಆಟಕ್ಕಿಂತ ವೇದಿಕೆ ಮುಖ್ಯ. ನಾವು ಒಳಗೆ ಹೋಗುತ್ತಲೇ ಗೋಳಿಬಜೆ, ಚಟ್ನಿ ಬಂತು. ಕರಿದದ್ದು ತಿಂದರೆ ಸ್ಪಂದನಾಗೆ ಕೆಮ್ಮು ಹೆಚ್ಚುತ್ತದೆ ಎಂದು ನಾನು ಅವಳ ಕೈ ಹಿಡಿದುಕೊಂಡೇ ಕುಳಿತೆ.

ಗುಣಪಾಲಣ್ಣ ಎದ್ದು ನಿಂತು ಮಾತಾಡಿದರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಲಿತುಕೊಂಡು ಬಂದ ಮಾತು.

"ದ್ವಾರಕಣ್ಣ, ಒಂದು ಕೋರ್ಟ್ ಕೊಡಿಸಿ. ಟೂರ್ನಿವರೆಗೆ ಮಾತ್ರ. ಮತ್ತೆ ಭಾವನವರನ್ನು ಹಿಂದೆ ನಿಲ್ಲಿಸುವ. ಸಿಟ್ಟು ಮಾಡ್ಬೇಡಿ."

ಭಾವ ಅಲ್ಲೇ ಗೋಳಿಬಜೆ ತಿನ್ನುತ್ತಿದ್ದರು. "ನನಗೆ ಹಿಂದೆ ಆದ್ರೂ ಅಡ್ಡಿಯಿಲ್ಲಪ್ಪ" ಎಂದರು. ಎಲ್ಲರೂ ನಕ್ಕರು. ದ್ವಾರಕನಾಥರೂ ನಕ್ಕು, ಗುಣಪಾಲಣ್ಣನ ಹೆಗಲ ಮೇಲೆ ಕೈ ಹಾಕಿದರು.

"ನೋಡಿ, ತಂಡದ ಬಗ್ಗೆ ಇಷ್ಟು ಪ್ರೀತಿ ಇರುವವರು ಬೇರೆ ಯಾರಿದ್ದಾರೆ? ಇಷ್ಟು ವರ್ಷದಲ್ಲಿ ಇವರಿಗೆ ನಾವು ಒಂದು ಶಾಲು ಹಾಕ್ಲಿಲ್ಲ. ಅದು ನಮ್ಮ ತಪ್ಪು. ಈ ಸಲ ಟೂರ್ನಿಯ ದಿನವೇ ಸನ್ಮಾನ. ಚೀಫ್ ಗೆಸ್ಟ್ ನಾನು ತರ್ತೇನೆ."

ಚಪ್ಪಾಳೆ ಬಿತ್ತು. ಗುಣಪಾಲಣ್ಣ, "ಅಯ್ಯೋ ನನಗೆಂತಕ್ಕೆ, ಕೋರ್ಟು..." ಎಂದದ್ದು ಚಪ್ಪಾಳೆಯಲ್ಲಿ ಮುಳುಗಿತು. ಕಾರ್ಯದರ್ಶಿ ಕೀರ್ತನ್ ಆಗಲೇ ಫೋನು ತೆಗೆದು ಸನ್ಮಾನದ ಬ್ಯಾನರಿಗೆಂದು ಗುಣಪಾಲಣ್ಣನ ಒಂದು ಫೋಟೋ ಹೊಡೆದಾಗಿತ್ತು.

ಹಿಂದಿರುಗುವ ದಾರಿಯಲ್ಲಿ ಕಾರು ಓಡಿಸುತ್ತಾ ಗುಣಪಾಲಣ್ಣ ಹೇಳಿದರು, "ನಾನು ಕೇಳಿದ್ದು ಕೋರ್ಟು. ಕೊಟ್ಟದ್ದು ಶಾಲು." ಮತ್ತೆ, "ಬೇಡ ಅಂದ್ರೆ ಅಹಂಕಾರ ಅಂತಾರೆ ಅಲ್ವಾ?" ಎಂದರು. ಹೌದು ಎಂದೆ. ನಮ್ಮವರಲ್ಲಿ ಸನ್ಮಾನ ಬೇಡವೆನ್ನುವುದು ಕರೆದವರ ಮನೆಯಲ್ಲಿ ಎಲೆಯ ಮುಂದಿನಿಂದ ಎದ್ದು ಹೋದ ಹಾಗೆ.

ಕೋರ್ಟು ಸಿಗದಿದ್ದರೂ ಗೋಡೌನಿನ ಹಿಂದಿನ ಖಾಲಿ ಜಾಗದಲ್ಲಿ ಲಾರಿಗಳು ಹೋದ ಮೇಲೆ ಆಡಲು ಗುಣಪಾಲಣ್ಣ ಸೂಪರ್‌ವೈಸರನ್ನು ಒಪ್ಪಿಸಿದರು. ನಾಯಕ ಸುಶಾಂತ್ ಹುಡುಗರನ್ನು ಕರೆತಂದ. ಭಾವನವರೂ ಬಂದರು, ಹಿಂದೆಯೇ ನಿಂತರು. ರಘು ಮನೆಗೆ ಬರುವಾಗ ಕಣ್ಣಿನ ರೆಪ್ಪೆಯ ಮೇಲೂ ಧೂಳು. ಆ ಧೂಳು ಮಗುವಿಗೆ ತಾಗದಿರಲೆಂದು ಅವನನ್ನು ಬಾಗಿಲಿನಿಂದ ನೇರ ಬಚ್ಚಲಿಗೆ ಅಟ್ಟುತ್ತಿದ್ದೆ. ಆದರೆ ಅವನ ಮುಖದಲ್ಲಿ ಏನೋ ಬದಲಾಗಿತ್ತು. "ಈ ಸಲ ಒಂದು ಗೆಲ್ತೀವಿ ಕಣೆ" ಎಂದ. ಗುಣಪಾಲಣ್ಣ ಮಾತ್ರ, "ಹಾಗೆಲ್ಲ ಹೇಳ್ಬಾರ್ದು" ಎಂದರು.

ಟೂರ್ನಿ ನಡೆದದ್ದು ಅಲ್ ಕೂಜ್‌ನಲ್ಲಿ, ಹಳೆಯ ಗೋಡೌನನ್ನು ಮೈದಾನ ಮಾಡಿದ ಒಂದು ಒಳಾಂಗಣದಲ್ಲಿ. ಅಕ್ಕಪಕ್ಕ ಎರಡು ಕೋರ್ಟು. ಒಂದು ತುದಿಯಲ್ಲಿ ವೇದಿಕೆ. ಸಂಘಟಕರು ಪ್ರತಿ ತಂಡಕ್ಕೂ ತನ್ನ ಸಭೆ ನಡೆಸಲು ಸ್ವಲ್ಪ ಸಮಯ ಕೊಟ್ಟಿದ್ದರು. ಬೆಳಗಿನ ಎರಡು ಪಂದ್ಯ ನಮ್ಮವರು ಸೋತರು. ಆದರೆ ಎರಡನೆಯದರಲ್ಲಿ ಒಂದು ಸೆಟ್ ಗೆದ್ದರು. ಗುಣಪಾಲಣ್ಣ ಗೆರೆಯ ಅಂಚಿನಲ್ಲಿ ನಿಂತು ನೀರಿನ ಬಾಟಲಿಯ ಮುಚ್ಚಳ ತೆರೆದು ಮುಚ್ಚಿ ಮಾಡುತ್ತಿದ್ದರು. ಉಳಿದದ್ದು ಒಂದೇ ಪಂದ್ಯ, ಅಂದು ನಮಗಿಂತ ಹೀನಾಯವಾಗಿ ಸೋತಿದ್ದ ತಂಡದ ಎದುರು. ಅದನ್ನು ಗೆದ್ದರೆ ಜಾಗ ಉಳಿಯುತ್ತದೆ.

ಸನ್ಮಾನ ಅದಕ್ಕೆ ಮೊದಲೇ ಮುಗಿಯಬೇಕಿತ್ತು. ಅಬುಧಾಬಿಯಿಂದ ಬರಬೇಕಾದ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಅವರು ಬಂದು ತಲುಪಿದಾಗ ನಮ್ಮ ಸಭೆಯ ಸಮಯ ಹೆಚ್ಚುಕಡಿಮೆ ಮುಗಿದು, ಪಂದ್ಯದ ಹೊತ್ತು ಹತ್ತಿರ ಬಂದಿತ್ತು.

"ಆಟದ ನಂತರ ಮಾಡುವ" ಎಂದು ಗುಣಪಾಲಣ್ಣ ದ್ವಾರಕನಾಥರ ಕೈ ಹಿಡಿದು ಬೇಡಿಕೊಂಡರು. ನಾನು ಪಕ್ಕದಲ್ಲೇ ಇದ್ದೆ.

"ಅವರಿಗೆ ವಾಪಸ್ ಹೋಗ್ಲಿಕ್ಕುಂಟು ಗುಣಪಾಲಣ್ಣ. ಐದು ನಿಮಿಷದ ಕೆಲಸ. ಯಲ್ಲಾ, ಬೇಗ ಬೇಗ, ಹುಡುಗರೆಲ್ಲ ಬನ್ನಿ, ಹಿಂದೆ ಸಾಲಾಗಿ ನಿಲ್ಲಿ. ತಂಡ ಇಲ್ದೆ ಫೋಟೋ ಹೇಗೆ?"

ಹುಡುಗರು ವೇದಿಕೆ ಹತ್ತಿದರು. ಗುಣಪಾಲಣ್ಣನನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಕೀರ್ತನ್ ಸನ್ಮಾನ ಪತ್ರ ಓದತೊಡಗಿದ. 'ಕ್ರೀಡಾಪ್ರೇಮಿಯೂ ಸರಳ ಸಜ್ಜನರೂ ಆದ' ಎಂದು ಶುರುವಾದ ವಾಕ್ಯ ಮುಗಿಯುವ ಲಕ್ಷಣವೇ ಇರಲಿಲ್ಲ. ಮೈಕಿನ ಸದ್ದಿಗೆ ಸ್ಪಂದನಾ ಬೆಚ್ಚಿ ನನ್ನ ಹೆಗಲಿಗೆ ಮುಖ ಒತ್ತಿದಳು. ಅವಳ ಕಿವಿಯ ಮೇಲೆ ಅಂಗೈ ಮುಚ್ಚಿಕೊಂಡು ತಿರುಗಿ ನೋಡಿದರೆ, ಎರಡನೇ ಕೋರ್ಟಿನಲ್ಲಿ ಎದುರಾಳಿ ತಂಡ ಬಂದು ನಿಂತಿತ್ತು. ರೆಫರಿ ಸೀಟಿ ಊದಿದರು.

ಮಗುವನ್ನು ಎತ್ತಿಕೊಂಡೇ ಓಡಿದೆ. "ಸರ್, ನಮ್ಮವರು ಅಲ್ಲೇ ಇದ್ದಾರೆ, ಸ್ಟೇಜ್ ಮೇಲೆ. ಪ್ಲೀಸ್" ಎಂದೆ.

"ಮೇಡಂ, ಐ ಕ್ಯಾನ್ ಸೀ ದೆಮ್" ಎಂದರು ರೆಫರಿ. ಗಡಿಯಾರ ತೋರಿಸಿದರು. ಇದಾದ ಮೇಲೆ ಇನ್ನೂ ಪಂದ್ಯಗಳಿದ್ದವು. ರಾತ್ರಿಯೊಳಗೆ ಜಾಗ ಬಿಟ್ಟುಕೊಡಬೇಕಿತ್ತು.

ವೇದಿಕೆಯ ಕಡೆಗೆ ಕೈ ಬೀಸಿದೆ. ರಘು ನನ್ನನ್ನು ನೋಡಿದ, ಸುಶಾಂತನನ್ನು ನೋಡಿದ. ಸುಶಾಂತ್ ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು ಮುಖ್ಯ ಅತಿಥಿಗಳ ಕಡೆ ತಿರುಗಿ ನಗುತ್ತಿದ್ದರು. ಗುಣಪಾಲಣ್ಣ ಎಲ್ಲವನ್ನೂ ಕಂಡರು. ಬುಟ್ಟಿ ಹಿಡಿದುಕೊಂಡೇ ಅರ್ಧ ಎದ್ದರು. ದ್ವಾರಕನಾಥರು ನಗು ಕೆಡಿಸದೆ, ಅವರ ಹೆಗಲನ್ನು ಮೆಲ್ಲಗೆ ಒತ್ತಿ ಕೂರಿಸಿದರು. ಹೊಗಳಿಕೆಯ ನಡುವೆ ಎದ್ದು ಹೋಗುವುದು ಅವರಿಂದ ಆಗಲಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಆಗುತ್ತಿರಲಿಲ್ಲ.

ಮತ್ತೆ ಸೀಟಿ. ಈ ಸಲ ರಘು ಹಾರಿ ಇಳಿದ. ಸುಶಾಂತ್, ಇನ್ನಿಬ್ಬರು ಹಿಂದೆ ಓಡಿ ಬಂದರು. ನಾಲ್ವರು. ಆಡಲು ಆರು ಜನ ಬೇಕು. ಭಾವನವರು ಮುಖ್ಯ ಅತಿಥಿಗಳ ನೆನಪಿನ ಕಾಣಿಕೆಯ ಡಬ್ಬಿ ಹಿಡಿದು ನಿಂತಿದ್ದರು. ಅದನ್ನು ಯಾರ ಕೈಗೆ ಕೊಡುವುದೆಂದು ಅವರಿಗೆ ತಿಳಿಯಲಿಲ್ಲ. ಇನ್ನೊಬ್ಬ ಹುಡುಗ ಕ್ಯಾಮೆರಾದ ಮುಂದೆ ಸಿಕ್ಕಿಕೊಂಡಿದ್ದ. ಅವರಿಬ್ಬರೂ ಮೆಟ್ಟಿಲಿಗೆ ಬರುವಷ್ಟರಲ್ಲಿ ರೆಫರಿ ಎದುರಾಳಿ ತಂಡದ ಕಡೆಗೆ ಕೈ ತೋರಿಸಿದರು. ವಾಕೋವರ್, ಆಡದೆಯೇ ಅವರಿಗೆ ಗೆಲುವು. ಆ ತಂಡದವರಿಗೂ ಹೇಗೆ ಸಂತೋಷಪಡಬೇಕೆಂದು ಗೊತ್ತಾಗಲಿಲ್ಲ. ಬಂದು ನಮ್ಮ ಹುಡುಗರ ಕೈ ಕುಲುಕಿದರು.

ವೇದಿಕೆಯ ಮೇಲೆ ಕೀರ್ತನ್ ಕೊನೆಯ ಸಾಲು ಓದುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು.

ದ್ವಾರಕನಾಥರು ಆಮೇಲೆ ಸಂಘಟಕರ ಹತ್ತಿರ ಹೋದರು, ಜೋರಾಗಿ ಮಾತಾಡಿದರು, ಯಾರಿಗೋ ಫೋನು ಮಾಡಿದರು. ವಾಪಸ್ ಬಂದು, "ಬರುವ ವರ್ಷದ್ದು ನಾನು ನೋಡ್ಕೊಳ್ತೇನೆ. ಜಾಗ ಇಲ್ಲದಿದ್ರೆ ನಾವೇ ಒಂದು ಟೂರ್ನಿ ಮಾಡುವ, ಬೇಕಾದ್ರೆ" ಎಂದರು. ಗುಣಪಾಲಣ್ಣ ತಲೆಯಾಡಿಸಿದರು. ಸಿಟ್ಟು ಬರುತ್ತದೆ, ಕುತ್ತಿಗೆ ಕೆಂಪಾಗುತ್ತದೆ ಎಂದು ನಾನು ಹೆದರಿಕೊಂಡು ನೋಡುತ್ತಿದ್ದೆ. ಸಿಟ್ಟು ಬರಲಿಲ್ಲ. ಅದು ನನ್ನನ್ನು ಇನ್ನೂ ಹೆದರಿಸಿತು.

ಮನೆಗೆ ಹೊರಟಾಗ ಕಾರನ್ನು ರಘು ಓಡಿಸಿದ. ಪಕ್ಕದಲ್ಲಿ ಗುಣಪಾಲಣ್ಣ, ಹಿಂದೆ ಮಗು, ನಾನು, ಹಣ್ಣಿನ ಬುಟ್ಟಿ. ಸಿಗ್ನಲಿನಲ್ಲಿ ನಿಂತಾಗ ಅವರ ಫೋನು ಒಂದು ಸಲ ಬಡಿದು ನಿಂತಿತು. ಅಕ್ಕು ಅವರ ಮಿಸ್ಡ್ ಕಾಲ್. ಅವರು ಮರಳಿ ಮಾಡಿ, ಫೋನನ್ನು ತೊಡೆಯ ಮೇಲಿಟ್ಟು ಸ್ಪೀಕರಿಗೆ ಹಾಕಿದರು. ಮಾತೆಲ್ಲ ತುಳುವಿನಲ್ಲಿ. ಅಷ್ಟು ತುಳು ಆಗಲೇ ನನಗೆ ಅರ್ಥವಾಗುತ್ತಿತ್ತು.

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಸನ್ಮಾನದ ಫೋಟೋವನ್ನು ಅವರ ಮಗಳು ತೋರಿಸಿದಳಂತೆ. ಪೇಟದಲ್ಲಿ ಮದುಮಗನ ಹಾಗೆ ಕಾಣುತ್ತೀರಿ ಎಂದು ಅಕ್ಕು ನಕ್ಕರು. ಬೀದಿಯವರಿಗೆಲ್ಲ ತೋರಿಸಿ ಆಯಿತಂತೆ. ಮಗಳ ಕಾಲೇಜಿನ ಹತ್ತಿರ ದೊಡ್ಡದು ಮಾಡಿಸಿ ಕಟ್ಟು ಹಾಕಿಸುತ್ತಾರಂತೆ. "ನೀವು ಸುಮ್ಮನೆ ಆ ಮ್ಯಾನೇಜ್‌ಮೆಂಟಿನವರನ್ನು ಬೈತೀರಿ. ಎಷ್ಟು ಚೆಂದ ಮಾಡಿದ್ದಾರೆ ನೋಡಿ."

"ಹ್ಞೂಂ" ಎಂದರು ಗುಣಪಾಲಣ್ಣ.

"ಮತ್ತೆ ಆಟ? ಗೆದ್ರಾ?"

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ರಘು ಗೇರು ಹಾಕಲು ತಡವರಿಸಿದ.

"ಆಟ ಆಗ್ಲಿಲ್ಲ" ಎಂದರು ಗುಣಪಾಲಣ್ಣ.

"ಹಾಗಾದ್ರೆ ಸೋಲಲೂ ಇಲ್ಲ. ಒಳ್ಳೇದೇ ಆಯ್ತಲ್ಲ. ಮುಂದಿನ ವಾರ ಉಂಟಾ?"

ಅವರು ಫೋನನ್ನು ನೋಡುತ್ತಾ ಕುಳಿತರು. ನಾನು ಏನಾದರೂ ಹೇಳಬೇಕೆಂದು ಮುಂದೆ ಬಾಗಿದೆ.

"ಉಂಟು" ಎಂದರು. "ಉಂಟು, ಮುಂದಿನ ವಾರ."