ಎಲಿ ಎಣಿಸಿ ಪಾಸಾದ ಅಜ್ಜ

ಸವಣೂರಿನ ದವಾಖಾನ್ಯಾಗ ನಾನು ಕಂಪೌಂಡರ ಆಗಿದ್ದಾಗಿನ ಮಾತಿದು. ಎಲಿತೋಟದ ಅಜ್ಜ ಒಬ್ಬಾಂವ ಹೆಂಡತಿನ್ನ ಕರಕೊಂಡು ಬಂದ. ಮೊಂಬಾಸಾದಾಗ ಬಡಿಗತನ ಮಾಡೋ ಮಗ ಇಬ್ಬರನ್ನೂ ಅಲ್ಲಿಗೇ ಕರಸಾಕತ್ತಿದ್ದ. ಕಣ್ಣು ಚಲೋ ಅದಾವಂತ ಡಾಕ್ಟರ ಚೀಟಿ ಇಲ್ಲದನ ಹಡಗ ಹತ್ತಿಸ್ತಿರಲಿಲ್ಲ.

ಅಜ್ಜಿ ಪಾಸಾದಳು. ಅಜ್ಜಗ ಗ್ವಾಡಿ ಮ್ಯಾಲಿನ ಅಕ್ಷರದ ಪಟ ತೋರಿಸಿದ್ರ, "ಓದಾಕ ಬರಂಗಿಲ್ರಿ" ಅಂದ. ನನಗ ಭಾರಿ ಶಾಣ್ಯಾತನ ಹೊಳೀತು. ಡಾಕ್ಟರ ಎಲಿ-ಅಡಕಿ ತಾಟಿನ್ಯಾಗಿದ್ದ ಎಲಿ ಅವನ ಕೈಯಾಗ ಕೊಟ್ಟು, "ಎಣಸ್ರಿ" ಅಂದೆ. ಬೆರಳು ಸರಸರ ಓಡಿದವು.

"ಮೂವತ್ತೇಳು ಅದಾವ್ರಿ. ಒಂದು ಹರದೈತಿ."

ಖರೇನ ಇತ್ತು! ಡಾಕ್ಟರು ಖುಷಿಲೆ ಸಹಿ ಹಾಕಿದರು.

ಹೊಂಟಾಗ ಅಜ್ಜ ಕೈ ಮುಗಿದು, "ನಿಮ್ಮ ಉಪಕಾರ ಮರಿಯಂಗಿಲ್ರಿ, ಸಾಹೇಬ್ರ" ಅಂದ. ಅಂದದ್ದು ಗೂಟಕ್ಕ ತೂಗಹಾಕಿದ್ದ ಡಾಕ್ಟರ ಬಿಳಿ ಕೋಟಿಗೆ.

ಅಜ್ಜಿ ಸೆರಗು ಬಾಯಿಗೆ ಹಿಡಕೊಂಡಳು. ಡಾಕ್ಟರು ಚೀಟಿ ನೋಡಿದರು, ಅಜ್ಜಿ ಮಾರಿ ನೋಡಿದರು. ಆಮ್ಯಾಲ ಸಪ್ಪಳಾಗಧಂಗ ಎದ್ದು ಹೋಗಿ ಕೋಟಿನ ಬಾಜೂಕ ನಿಂತು, "ಇರಲಿ, ಮಗನ ಕಡೆ ಸುಖವಾಗಿ ಹೋಗ್ರಿ" ಅಂದರು.

ಮರುದಿನದಿಂದ ಆ ಕೋಟನ್ನ ನಾನು ಒಳಗಿನ ಖೋಲ್ಯಾಗ ತೂಗಹಾಕಾಕ ಸುರು ಮಾಡಿದೆ.