ಎಡಗಾಲಿನ ಗೆರೆ

ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಎಂದೇ ಕರೆಯುತ್ತಿದ್ದೆವು. ಸರಿಯಾದ ಹೆಸರೊಂದಿತ್ತು, ಹಾಜರಿ ಪುಸ್ತಕದ ಹೊರಗೆ ಅದಕ್ಕೆ ಕೆಲಸವಿರಲಿಲ್ಲ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಐದು ಜನ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಅಳತೆ ತೆಗೆದು ಬೂಟು ಮಾಡಿಕೊಡುತ್ತೇವೆ. ಕಾಗದದ ಮೇಲೆ ಪಾದವಿಟ್ಟು ಸುತ್ತಲೂ ಎಳೆದ ಪೆನ್ಸಿಲ್ ಗೆರೆ ಚುಕ್ಕಿಯ ಮೇಜಿಗೆ ಬರುತ್ತದೆ. ಅವಳು ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಪೆನ್ ಟೂಲ್ ಹಿಡಿದು, ಗೆರೆಯ ಮೇಲೆ ಚುಕ್ಕಿ ಇಡುತ್ತಾ ಹೋಗುತ್ತಾಳೆ. ಒಂದೊಂದು ಚುಕ್ಕಿಗೂ ಎರಡು ಕಡ್ಡಿ ಹೊರಡುತ್ತವೆ, ನಾವು ಅದಕ್ಕೆ ಮೀಸೆ ಎನ್ನುತ್ತೇವೆ. ಮೀಸೆ ಎಳೆದ ಹಾಗೆ ಗೆರೆ ಬಾಗುತ್ತದೆ. ಕೊನೆಯ ಚುಕ್ಕಿ ಮೊದಲನೆಯದನ್ನು ಕೂಡಿತೆಂದರೆ ಪಾದದ ಆಕಾರ ಸಿದ್ಧ. ಯಂತ್ರ ಅದೇ ಗೆರೆ ಹಿಡಿದು ಅಟ್ಟೆ ಕತ್ತರಿಸುತ್ತದೆ. ಆ ಅಟ್ಟೆಗೆ ಅಂಟು ಹಚ್ಚಿ ಬೂಟು ಕಟ್ಟುವವನು ನಾನು. ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಸಿಡುಕ, ಹಾಗಾಗಿ ಎಲ್ಲರಿಗೂ ಮಾವ.

ಚುಕ್ಕಿಯ ಕೈ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಹೊಸಬರು ಒಂದು ಪಾದಕ್ಕೆ ಅರವತ್ತು ಚುಕ್ಕಿ ಸುರಿದು, ಗೆರೆಯನ್ನು ಗರಗಸದ ಹಲ್ಲು ಮಾಡಿಡುತ್ತಾರೆ. ಇವಳು ಇಪ್ಪತ್ತೆರಡರಲ್ಲಿ ಮುಗಿಸುತ್ತಿದ್ದಳು. ಆದರೆ ದಿನಕ್ಕೆ ಹದಿನಾರು ಜೊತೆ ಬೇಕು ಎಂದು ಯಜಮಾನರು ತಲೆಯ ಮೇಲೆ ಕೂತಾಗ ಅವಳೊಂದು ಉಪಾಯ ಹಿಡಿದಳು. ಬಲಗಾಲನ್ನು ಬರೆಯುವುದು, ಅದನ್ನೇ ನಕಲು ಮಾಡಿ ಮಗುಚಿಹಾಕುವುದು. ಎಡಗಾಲು ಸಿದ್ಧ! ನಾವು ಅದನ್ನು ‘ಕನ್ನಡಿ ಹೊಡೆಯುವುದು’ ಎನ್ನುತ್ತಿದ್ದೆವು. ಮೊದಮೊದಲು ಮಗುಚಿದ ಆಕಾರವನ್ನು ಕಾಗದದ ಎಡಗಾಲಿನ ಮೇಲಿಟ್ಟು, ಸರಿಹೊಂದಿದರೆ ಮಾತ್ರ ಬಿಡುತ್ತಿದ್ದಳು. ಬರಬರುತ್ತಾ ಇಟ್ಟು ನೋಡುವುದೂ ನಿಂತಿತು.

ನನಗದು ಗೊತ್ತಾಗಿತ್ತು. ಎರಡು ಅಟ್ಟೆಗಳನ್ನು ಮುಖಾಮುಖಿ ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಮೂವತ್ತು ವರ್ಷ ಜನರ ಪಾದ ಹಿಡಿದವನು ನಾನು. ಒಬ್ಬನದೇ ಎರಡು ಪಾದ ಹೀಗೆ ಅಚ್ಚಿಗೆ ಅಚ್ಚು ಕೂತಿದ್ದನ್ನು ಕಂಡವನಲ್ಲ. ಆದರೆ ಕೆಲಸ ಸಲೀಸಾಗಿತ್ತಲ್ಲ! “ಭೇಷ್ ಚುಕ್ಕಿ, ಕೈ ಅಂದ್ರೆ ಇದು” ಎಂದು ಬೆನ್ನು ತಟ್ಟಿದೆ. ಈಗ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಅವಳಿಗೊಬ್ಬ ಅಣ್ಣ. ಮನೆ ಮನೆ ಸುತ್ತಿ ಕರೆಂಟ್ ಮೀಟರ್ ಓದುವ ಕೆಲಸ. ತಂದೆಯಿಲ್ಲದ ಮನೆಯಲ್ಲಿ ತಂಗಿಯನ್ನು ಓದಿಸಿ, ಕಂಪ್ಯೂಟರ್ ಕಲಿಸಿದವನು ಅವನೇ. ಅವನಿಗೂ ಸಕ್ಕರೆ ಕಾಯಿಲೆ ಹತ್ತಿತು. ಹೋದ ವರ್ಷ ಒಂದು ಮಧ್ಯಾಹ್ನ ಅವನು ಅಳತೆ ಕೊಡಲು ಬಂದ. ಇನ್ನೂ ನಲವತ್ತು ಮನೆ ಬಾಕಿಯಿದೆ, ಬೇಗ ಮುಗಿಸು ಎಂದು ಅವಸರ ಮಾಡಿದ. ಇವಳು ನೆಲದಲ್ಲಿ ಕೂತು ಅವನ ಬಲಗಾಲಿನ ಸುತ್ತ ಗೆರೆ ಎಳೆದಳು. ಅವನು ಎಡಗಾಲು ಮುಂದಿಟ್ಟಾಗ “ಸಾಕು ಬಿಡಣ್ಣ, ಇನ್ನೊಂದು ಕಂಪ್ಯೂಟರೇ ಮಾಡುತ್ತೆ” ಎಂದಳು. ಅವನು ನಕ್ಕು ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೋದ.

ಹೊಸ ಬೂಟು ಸಿಕ್ಕ ಒಂದು ತಿಂಗಳಿಗೆ ಅವನು ಒಮ್ಮೆ ಹೇಳಿದ್ದನಂತೆ, “ಎಡಗಾಲು ಸ್ವಲ್ಪ ಹಿಡಿಯುತ್ತೆ ಕಣೇ.” ಇವಳು “ಹೊಸದಲ್ವಾ ಅಣ್ಣ, ನಡೀತಾ ನಡೀತಾ ಸರಿಹೋಗುತ್ತೆ” ಎಂದಿದ್ದಳು. ಅವನು ಮತ್ತೆ ಬಾಯಿ ಬಿಡಲಿಲ್ಲ. ಸ್ಪರ್ಶವೇ ಮುಕ್ಕಾಲು ಸತ್ತ ಕಾಲಿಗೆ ಬಿಗಿ ಎನಿಸಿತೆಂದರೆ, ಅದೆಷ್ಟು ಬಿಗಿಯಿದ್ದಿರಬೇಕು!

ಮೊನ್ನೆ ಸೋಮವಾರ ಬಟ್ಟೆ ಒಗೆಯಲು ಕೂತ ಚುಕ್ಕಿಯ ಅತ್ತಿಗೆಗೆ ಅವನ ಕಾಲುಚೀಲದಲ್ಲಿ ಕಲೆ ಕಂಡಿತು. ಕಿರುಬೆರಳಿನ ಬುಡದಲ್ಲಿ ಗಾಯ, ಒಳಗೆಲ್ಲ ಕೀವು. ಅವನಿಗೆ ನೋವೇ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಕಾಲು ತೆಗೆಯಬೇಕಾದೀತು ಎಂದರು ಅಲ್ಲಿ. ಡಾಕ್ಟರು ಬೂಟು ಯಾವುದು ಎಂದು ಕೇಳಿದರೆ, ಮಂಚದ ಮೇಲೆ ಮಲಗಿದ್ದವನು ಹೆಮ್ಮೆಯಿಂದ ಹೇಳಿದನಂತೆ, “ಬೂಟಿನದೇನೂ ತಪ್ಪಿಲ್ಲ ಸರ್, ನನ್ನ ತಂಗಿಯೇ ಮಾಡಿದ್ದು.”

ಡಾಕ್ಟರು ಅವನ ಎರಡೂ ಪಾದಗಳ ಗೆರೆಯನ್ನು ಕಾಗದದ ಮೇಲೆ ತೆಗೆದು ಚುಕ್ಕಿಯ ಕೈಗೆ ಕೊಟ್ಟರು, ನಿಮ್ಮ ಅಳತೆಯ ಜೊತೆ ಹೋಲಿಸಿ ನೋಡಿ ಎಂದು. ಬುಧವಾರ ಬೆಳಿಗ್ಗೆ ಅವಳು ಅದನ್ನು ಸ್ಕ್ಯಾನ್ ಮಾಡಿ ಹಳೆಯ ಆಕಾರವನ್ನು ಮೇಲಿಟ್ಟಳು. ನಾನು ಹಿಂದೆಯೇ ನಿಂತಿದ್ದೆ. ಬಲಗಾಲು ಸರಿಯಾಗಿ ಕೂತಿತು. ಎಡಗಾಲು ಕೂರಲಿಲ್ಲ. ಕಿರುಬೆರಳಿನ ಬದಿಯಲ್ಲಿ ನನ್ನ ಹೆಬ್ಬೆರಳಿನ ಅರ್ಧದಷ್ಟು ಅಗಲ ಪಾದ ಗೆರೆಯಿಂದಾಚೆ ಉಳಿದಿತ್ತು. ಊತ ಎಂದುಕೊಳ್ಳೋಣವೆಂದರೆ ಅಲ್ಲಿ ಮೂಳೆಯೇ ಹೊರಗೆ ಚಾಚಿಕೊಂಡಿದೆ, ಹುಟ್ಟಿನಿಂದಲೂ ಹಾಗೇ ಎಂದು ಡಾಕ್ಟರು ಕಾಗದದಲ್ಲೇ ಬರೆದಿದ್ದರು.

ಚುಕ್ಕಿ ಅಳಲಿಲ್ಲ. ಪೆನ್ ಟೂಲ್ ಹಿಡಿದು ಆ ಎಡಗಾಲನ್ನು ತಿದ್ದತೊಡಗಿದಳು. ಅಂಚಿಗೊಂದು ಚುಕ್ಕಿ ಸೇರಿಸಿದಳು, ಹೊರಕ್ಕೆ ಎಳೆದಳು, ಮೀಸೆ ತಿರುವಿದಳು, ಬೇಡವೆಂದು ಅಳಿಸಿದಳು, ಮತ್ತೆ ಎಳೆದಳು. ಗೆರೆ ಒಮ್ಮೆ ಉಬ್ಬಿತು, ಒಮ್ಮೆ ತಗ್ಗಿತು. ಅದು ಸರಿಯಾದರೆ ಅಲ್ಲಿ ಮಲಗಿರುವವನ ಕಾಲೂ ಸರಿಯಾದೀತು ಎನ್ನುವವಳಂತೆ ಅರ್ಧ ಗಂಟೆ ತಿದ್ದಿದಳು. ನನಗೆ ನೋಡಲಾಗಲಿಲ್ಲ. ಮೌಸ್ ಮೇಲಿದ್ದ ಅವಳ ಕೈ ಹಿಡಿದೆ.

“ಬಿಡು ತಾಯಿ. ಇದರಿಂದ ಏನೂ ಆಗಲ್ಲ.”

“ನಾನೇ ಕಾಲು ತೆಗ್ದೆ ಮಾವ” ಎಂದಳು. “ಡಾಕ್ಟರಲ್ಲ, ನಾನು.”

ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. ವಿಷ ಏರುತ್ತಿದೆ, ಮಧ್ಯಾಹ್ನ ಎರಡಕ್ಕೆ ಆಪರೇಷನ್, ಪಾದದ ಮುಂದಿನ ಅರ್ಧ ತೆಗೆಯುತ್ತಾರಂತೆ. ನಾವಿಬ್ಬರೂ ಬಿದ್ದಂಬೀಳ ಓಡಿದೆವು. ಚುಕ್ಕಿ ಡಾಕ್ಟರ ಮುಂದೆ ನಿಂತು, ಎರಡು ಬೆರಳು ಸಾಕಲ್ವಾ, ಇನ್ನೆರಡು ದಿನ ನೋಡಬಹುದಲ್ವಾ ಎಂದು ಕೈಮುಗಿದಳು. ಅವರು ಆಗದೆಂದು ತಲೆಯಾಡಿಸಿದರು. ತಡಮಾಡಿದರೆ ಮೊಣಕಾಲಿನವರೆಗೆ ಹೋಗುತ್ತದೆ ಎಂದರು.

ಅವಳು ಅಣ್ಣನ ಮಂಚದ ಪಕ್ಕ ಹೋಗಿ ನಿಂತಳು. “ಅಣ್ಣಾ, ನಿನ್ನ ಎಡಗಾಲು ನಾನು ಬರೀಲೇ ಇಲ್ಲ.”

“ಗೊತ್ತಲ್ಲ, ನನ್ನೆದುರಿಗೇ ಅಲ್ವಾ ಬಿಟ್ಟಿದ್ದು” ಎಂದ ಅವನು. “ಕೇಳೋಣ ಅನ್ಕೊಂಡೆ. ನೀನು ಅಷ್ಟೆಲ್ಲ ಕಲಿತವಳು, ಕೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ ಸುಮ್ಮನಾದೆ.”

ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಇತ್ತ ನೋಡಲೂ ಇಲ್ಲ. ಚುಕ್ಕಿ ಮಂಚದ ಕಂಬಿ ಹಿಡಿದು ನೆಲದಲ್ಲಿ ಕೂತು ಅತ್ತಳು.

“ಬೇರೆಯವರಿಗೂ ಹೀಗೇ ಮಾಡಿದೀಯೇನೇ?”

ಅವಳು ನನ್ನತ್ತ ನೋಡಿ, ಹೌದೆಂದು ತಲೆ ತಗ್ಗಿಸಿದಳು. ಆ ಪ್ರಶ್ನೆ ಬೆಳಿಗ್ಗೆಯಿಂದ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

“ಹಾಗಾದ್ರೆ ಇಲ್ಲಿ ಕೂತು ಅಳ್ತೀಯ ಯಾಕೆ? ನನ್ನ ಕಾಲು ನೋಡೋಕೆ ಡಾಕ್ಟರಿದಾರೆ. ಅವರ ಕಾಲು ನೋಡೋರು ಯಾರು? ಎದ್ದು ಹೋಗು.”

ಹೋದೆವು. ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಹೊತ್ತಿಗೆ ನಾವು ಕಾರ್ಖಾನೆಯಲ್ಲಿ ಒಂದೊಂದೇ ಫೈಲ್ ತೆರೆಯುತ್ತಿದ್ದೆವು. ಎಡಗಾಲಿಗೆ ಇಪ್ಪತ್ತೆರಡು ಚುಕ್ಕಿ, ಬಲಗಾಲಿಗೆ ಇಪ್ಪತ್ತೆರಡು, ಮಗುಚಿದರೆ ಅಚ್ಚಿಗೆ ಅಚ್ಚು. ಅಂಥವರ ಫೋನ್ ನಂಬರ್ ನಾನು ಬರೆದುಕೊಂಡೆ. ಮೊದಲ ಒಂದು ಗಂಟೆಯಲ್ಲೇ ಮೂವತ್ತೊಂಬತ್ತು ಜನ. ಸುಮ್ಮನೆ ಜನರಿಗೆ ಗಾಬರಿ ಹುಟ್ಟಿಸಬೇಡಿ, ನಿಧಾನಕ್ಕೆ ಒಂದು ಕಾಗದ ಹಾಕೋಣ ಎಂದರು ಯಜಮಾನರು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಅವರು ಹೊರಗೆ ಹೋದರು.

ಪಟ್ಟಿಯ ಮೊದಲನೆಯವರು ಒಬ್ಬ ದರ್ಜಿ. ಚುಕ್ಕಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

“ಬೂಟು ಚೆನ್ನಾಗಿದೆಯಮ್ಮ” ಎಂದಿತು ಒಂದು ಮುದಿ ದನಿ. “ಒಂದೂ ಮಾತಿಲ್ಲ.”

“ಎಡಗಾಲಿನ ಬೂಟು ಬಿಚ್ಚಿ ಸರ್. ಈಗಲೇ. ಫೋನ್ ಇಡಬೇಡಿ, ಬಿಚ್ಚಿ ನೋಡಿ.”

ಕುರ್ಚಿ ಎಳೆದ ಸದ್ದಾಯಿತು. ಉಸ್ಸೆಂದು ಬಗ್ಗಿದ ಸದ್ದಾಯಿತು. ಹೊಲಿಗೆ ಯಂತ್ರ ನಿಲ್ಲಿಸು ಎಂದು ಅವರು ಯಾರಿಗೋ ಹೇಳಿದರು.

“ಕಾಲುಚೀಲ ಯಾಕೋ ಒದ್ದೆಯಾಗಿದೆಯಮ್ಮ” ಎಂದರು ಅವರು. “ನೋವೇನೂ ಇಲ್ಲ.”