ಗ್ರಾಫಿನಿಂದ ಕಾಣೆಯಾದ ‘ನಿಲ್’ ದಿನಗಳು

ಕಳೆದ ವರ್ಷ ಕಾಫಿ ಹೂ ಅರಳಿಸುವ ಮಳೆ ತಡವಾಗಿ, ಅಮ್ಮತ್ತಿಯ ಸುತ್ತಮುತ್ತ ಎಲ್ಲರೂ ಆಕಾಶ ನೋಡುತ್ತಿದ್ದ ಬೇಸಿಗೆಯಲ್ಲಿ ನಡೆದ ಸಂಗತಿಯಿದು. ನಮ್ಮ ಊರಿನ ತೋಡಿನ, ಎಂದರೆ ಸಣ್ಣ ಹಳ್ಳದ, ಮೇಲ್ಭಾಗದಲ್ಲಿ ಪ್ರವಾಸಿಗರಿಗಾಗಿ ಕಾಟೇಜುಗಳನ್ನು ಕಟ್ಟುತ್ತಿದ್ದವರು, ವರ್ಷವಿಡೀ ಆ ತೋಡಿನಿಂದ ಪಂಪಿನಲ್ಲಿ ನೀರೆತ್ತಲು ಪಂಚಾಯಿತಿಯ ಅನುಮತಿ ಕೇಳಿದ್ದರು. ತೋಡಿನ ಕೆಳಭಾಗದಲ್ಲಿ ನಮ್ಮ ಮನೆಗಳೂ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳೂ ಇವೆ. ನಮ್ಮೆಲ್ಲರ ಕುಡಿಯುವ ನೀರಿನ ಟ್ಯಾಂಕು ತುಂಬುವುದು ಆ ತೋಡಿನಿಂದಲೇ.

ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ. ಆನಂತರದ್ದೆಲ್ಲ ಕೈಗೆ ಸಿಕ್ಕ ಪುಸ್ತಕಗಳಿಂದ ಒಬ್ಬಳೇ ಕಲಿತದ್ದು; ಅಣ್ಣ ಕಾಲೇಜು ಮುಗಿಸಿ ಅಟ್ಟಕ್ಕೆ ಎಸೆದಿದ್ದ ಲಾಗ್ ಟೇಬಲನ್ನೂ ನಾನು ಬಿಟ್ಟವಳಲ್ಲ. ಯಾರೋ ಹೇಳಿದರೆಂಬ ಕಾರಣಕ್ಕೆ ಒಂದು ಮಾತನ್ನು ಒಪ್ಪುವ ಗುಣ ನನ್ನಲ್ಲಿ ಮೊದಲಿನಿಂದಲೂ ಇಲ್ಲ. ಇದರಿಂದ ಸ್ನೇಹಿತರು ಕಡಿಮೆಯಾದರು; ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ.

ನಮ್ಮ ಕಡೆ ಒಂದು ರೂಢಿಯಿದೆ. ಬೆಳಗಿನ ಕಾಫಿಯಾದ ಕೂಡಲೇ ಅಂಗಳದ ಮಳೆಮಾಪಕವನ್ನು ನೋಡಿ, ನೆರೆಯವರಿಗೆ ಫೋನು ಮಾಡಿ, ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದು ವಿಚಾರಿಸುವುದು. ಇಂಚಿನ ನೂರನೆಯ ಒಂದು ಭಾಗಕ್ಕೆ ನಾವು ಸೆಂಟು ಎನ್ನುತ್ತೇವೆ. ಒಂದು ಹನಿಯೂ ಬೀಳದ ದಿನ ಸುಮ್ಮನಿರುವಂತಿಲ್ಲ. ‘ನಿಲ್’ ಎಂದು ಹೇಳಲೇಬೇಕು, ಬರೆಯಲೇಬೇಕು. ಬರೆಯದಿದ್ದರೆ ಅಳೆಯುವವರು ಮಲಗಿದ್ದರೆಂದೇ ಅರ್ಥ. ಪಂಚಾಯಿತಿಯವರು ತೋಡಿಗೆ ಅಡ್ಡಲಾಗಿ ಕಚ್ಚು ಕೊರೆದ ಹಲಗೆಯೊಂದನ್ನು ನಿಲ್ಲಿಸಿ, ಆ ಕಚ್ಚಿನಲ್ಲಿ ಹರಿಯುವ ನೀರಿನ ಮಟ್ಟ ನೋಡುವ ಕೆಲಸವನ್ನು ಹತ್ತಿರದ ಮನೆಯವಳಾದ ನನಗೆ ವಹಿಸಿದಾಗಲೂ ಅದೇ ರೂಢಿಯನ್ನು ಪಾಲಿಸಿದೆ. ನೀರು ಹರಿದರೆ ಅದರ ಮಟ್ಟ, ಹರಿಯದಿದ್ದರೆ ‘ನಿಲ್’, ಎಂದರೆ ಸೊನ್ನೆ. ಪ್ರತಿ ಬೆಳಿಗ್ಗೆ ಅದನ್ನು ಮೊಬೈಲಿನಲ್ಲಿ ಪಂಚಾಯಿತಿಗೆ ಕಳುಹಿಸುತ್ತಿದ್ದೆ.

ಗ್ರಾಮಸಭೆಗೆ ಕಾಟೇಜಿನವರ ಪರವಾಗಿ ಕಿರಣ್ ಎಂಬ ಯುವ ಎಂಜಿನಿಯರ್ ಬಂದಿದ್ದರು. ನನ್ನ ಅಳತೆಗಳಿಂದಲೇ ತೋಡಿನ ಹರಿವನ್ನು ಲೆಕ್ಕ ಹಾಕಿ, ಅದರ ಗ್ರಾಫನ್ನು ಪರದೆಯ ಮೇಲೆ ತೋರಿಸಿದರು. ತುಂಬ ನೀಲಿ ಚುಕ್ಕೆಗಳು, ಒಂದೊಂದೂ ಒಂದು ದಿನದ ಹರಿವು.

“ನೋಡಿ, ಒಂದು ಚುಕ್ಕೆನೂ ತಳ ಮುಟ್ಟಿಲ್ಲ. ಬೇಸಿಗೇಲಿ ನೀರು ಕಡಿಮೆಯಾಗುತ್ತೆ, ಆದ್ರೆ ತೋಡು ಬತ್ತಲ್ಲ” ಎಂದರು.

ನಾನು ಎದ್ದು ನಿಂತೆ. “ಹೋದ ಬೇಸಿಗೇಲಿ ಚಪ್ಪಲಿ ಒದ್ದೆಯಾಗದೆ ನಾನು ಆ ತೋಡು ದಾಟಿದ್ದೇನೆ. ಅದು ಇದರಲ್ಲಿ ಎಲ್ಲುಂಟು?”

“ಅಮ್ಮ, ಇವೆಲ್ಲ ನೀವೇ ಕಳ್ಸಿದ ಅಳತೆಗಳು. ನಾನು ಒಂದನ್ನೂ ಬದಲಾಯಿಸಿಲ್ಲ. ಇದು ಲಾಗ್ ಸ್ಕೇಲ್, ನೋಡೋಕೆ ಸ್ವಲ್ಪ ಅಭ್ಯಾಸ ಬೇಕು.”

ಹಿಂದಿನ ಸಾಲಿನಿಂದ ನೆರೆಮನೆಯ ಅಯ್ಯಪ್ಪ ಕೂಗಿದ: “ಮುತ್ತಮ್ಮ ಆಂಟಿ, ಕೂತ್ಕೊಳ್ಳಿ! ನೀವು ಕಳ್ಸಿದ್ದನ್ನ ನೀವೇ ಸುಳ್ಳು ಅಂದ್ರೆ ಎಂಥ ಮಾಡೋದು?”

ಸಭೆ ನಕ್ಕಿತು. “ನಗು ಅಯ್ಯಪ್ಪ, ನಗು. ಟ್ಯಾಂಕು ಖಾಲಿಯಾದಾಗ್ಲೂ ಹೀಗೇ ನಗ್ತೀಯಾ ನೋಡ್ತೇನೆ” ಎಂದೆ.

ಅಧ್ಯಕ್ಷರು ನಡುವೆ ಬಂದರು. “ಆಂಟಿಗೆ ಸಂಶಯ ಉಂಟಲ್ಲ, ಮುಂದಿನ ಸಭೇಲಿ ತೀರ್ಮಾನ ಮಾಡುವ. ಆದ್ರೆ ಆಂಟಿ, ಬರೀ ಬಾಯಿಮಾತು ತರ್ಬೇಡಿ.”

ಸಭೆಯಿಂದ ಹೊರಡುವಾಗ ಕಿರಣ್ ಅವರನ್ನು ತಡೆದು, ಆ ಚಿತ್ರ ಬರೆದ ತಂತ್ರಾಂಶ ಯಾವುದೆಂದು ಕೇಳಿದೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದೆಂದು ಅವರು ಮರೆಮಾಚದೆ ಹೇಳಿದರು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದಕ್ಕೆ ಆಜ್ಞೆಗಳನ್ನು ಟೈಪು ಮಾಡಿ ಕೊಡಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಗದರುತ್ತಿತ್ತು. ಗದರಿಕೆಗೆ ಹೆದರುವ ವಯಸ್ಸು ನನ್ನದಲ್ಲವಾದ್ದರಿಂದ ಕೆಲಸ ಸಾಗಿತು.

ಮೊದಲು ನನ್ನ ಅಂಕಿಗಳಿಂದ ಸಾಮಾನ್ಯ ಅಳತೆಯಲ್ಲಿ, ಎಂದರೆ ಸಮಾನ ಅಂತರದ ಸ್ಕೇಲಿನಲ್ಲಿ, ಹರಿವಿನ ಚಿತ್ರ ಬರೆಸಿದೆ. ಮಳೆಗಾಲದ ಚುಕ್ಕೆಗಳು ಆಕಾಶಕ್ಕೇರಿದವು. ಬೇಸಿಗೆಯದೆಲ್ಲ ನೆಲಕ್ಕಂಟಿದ ಒಂದೇ ಗೆರೆಯಾಗಿ, ಏನೂ ತಿಳಿಯದಂತಾಯಿತು. ಆಮೇಲೆ ಎತ್ತರದ ಗೆರೆಗೆ ಲಾಗ್ ಸ್ಕೇಲ್ ಹಾಕುವ ‘ಸೆಮಿಲಾಗ್‌ವೈ’ ಎಂಬ ಆಜ್ಞೆ ಕೊಟ್ಟೆ. ಲಾಗ್ ಅಳತೆಯಲ್ಲಿ ಒಂದರಿಂದ ಹತ್ತಕ್ಕೆ ಎಷ್ಟು ದೂರವೋ ಹತ್ತರಿಂದ ನೂರಕ್ಕೂ ಅಷ್ಟೇ ದೂರ. ಆದ್ದರಿಂದ ಆಷಾಢದ ಪ್ರವಾಹವೂ ಫಾಲ್ಗುಣದ ಸಣ್ಣ ಧಾರೆಯೂ ಒಂದೇ ಹಾಳೆಯಲ್ಲಿ ಸ್ಪಷ್ಟವಾಗಿ ಕಂಡವು. ಕಿರಣ್ ತೋರಿಸಿದ ಚಿತ್ರವೇ ಅದು. ಲಾಗ್ ಅಳತೆಯಲ್ಲೇ ಮೋಸವಿದೆಯೆಂಬ ನನ್ನ ಗುಮಾನಿ ಬಿದ್ದುಹೋಯಿತು.

ಆದರೆ ಚಿತ್ರದ ಜೊತೆಗೆ ಆಜ್ಞೆಗಳ ಕಿಟಕಿಯಲ್ಲಿ ಒಂದು ಸಾಲು ಇಂಗ್ಲಿಷ್ ಮೂಡಿತ್ತು. ನಿಘಂಟು ತೆಗೆದು ಓದಿದೆ. ಲಾಗ್ ಚಿತ್ರದಲ್ಲಿ ಸೊನ್ನೆ ಮತ್ತು ಅದಕ್ಕಿಂತ ಕೆಳಗಿನ ಅಂಕಿಗಳನ್ನು ಕೈಬಿಟ್ಟಿರುವುದಾಗಿ ಅದು ಎಚ್ಚರಿಸಿತ್ತು. ತಕ್ಷಣ ಅಟ್ಟದ ಲಾಗ್ ಟೇಬಲು ನೆನಪಾಯಿತು. ಅದರಲ್ಲಿ ಸೊನ್ನೆಗೆ ಸಾಲೇ ಇರಲಿಲ್ಲ. ಒಂದನ್ನು ಹತ್ತರಿಂದ ಎಷ್ಟು ಸಲ ಭಾಗಿಸಿದರೂ ಅದು ಸೊನ್ನೆಯಾಗುವುದಿಲ್ಲ. ಲಾಗ್ ಅಳತೆಯಲ್ಲಿ ಎಷ್ಟು ಕೆಳಗಿಳಿದರೂ ಸೊನ್ನೆ ಸಿಗುವುದಿಲ್ಲ. ‘ಒಂದು ಚುಕ್ಕೆಯೂ ತಳ ಮುಟ್ಟಿಲ್ಲ’ ಎಂಬುದು ನಿಜವೇ. ತಳ ಮುಟ್ಟಿದ ದಿನಗಳನ್ನೆಲ್ಲ ಚಿತ್ರದ ಹೊರಗೆ ಕಳುಹಿಸಿದ ಮೇಲೆ ಮುಟ್ಟುವವರು ಯಾರು?

ಮುಂದಿನ ಸಭೆಗೆ ನಾನು ಬರಿಗೈಯಲ್ಲಿ ಹೋದೆ. “ಕಿರಣ್, ನಿಮ್ಮ ಕಂಪ್ಯೂಟರಿನಲ್ಲೇ ಆ ಚಿತ್ರ ಇನ್ನೊಮ್ಮೆ ಬರೆಸಿ. ಆಜ್ಞೆ ಕೊಡುವ ಕಿಟಕಿಯೂ ಎಲ್ಲರಿಗೂ ಕಾಣಲಿ” ಎಂದೆ. ಚಿತ್ರ ಬಂತು. ಆ ಸಾಲೂ ಬಂತು.

“ಅದನ್ನ ಕನ್ನಡದಲ್ಲಿ ಓದಿ ಹೇಳಿ.”

“ಅದು ವಾರ್ನಿಂಗ್ ಅಷ್ಟೇ ಅಮ್ಮ, ಎರರ್ ಅಲ್ಲ. ಯಾವಾಗ್ಲೂ ಬರುತ್ತೆ.”

“ಯಾವಾಗ್ಲೂ ಬರುವುದನ್ನ ಒಮ್ಮೆ ಓದಿ.”

ಅವರು ಓದಿದರು. ಓದುತ್ತಲೇ ದನಿ ತಗ್ಗಿತು. ಕಾಟೇಜಿನ ಮ್ಯಾನೇಜರ್ ಎದ್ದು, “ಅದಕ್ಕೇನು ಮೇಡಂ, ಸೊನ್ನೆ ಜಾಗದಲ್ಲಿ ಒಂದು ಚಿಕ್ಕ ಅಂಕಿ ಹಾಕಿದ್ರಾಯ್ತು, ಆ ಚುಕ್ಕೆಗಳೂ ಕಾಣುತ್ವೆ. ಎಲ್ಲರೂ ಹಾಗೇ ಮಾಡ್ತಾರೆ” ಎಂದರು.

“ಎಲ್ಲರೂ ಮಾಡ್ಲಿ. ಒಣಗಿದ ತೋಡಿಗೆ ನೀವು ಒಂದು ಲೋಟ ನೀರು ಹೊಯ್ದು, ನೋಡಿ ಹರೀತಾ ಉಂಟು ಅಂತೀರಾ? ನಾನು ಬರೆದದ್ದು ನಿಲ್. ನನ್ನ ನಿಲ್ ನನಗೆ ನಿಲ್ ಆಗಿಯೇ ಬೇಕು.”

ಈ ಬಾರಿ ಯಾರೂ ನಗಲಿಲ್ಲ. ಕಿರಣ್ ಮ್ಯಾನೇಜರ್ ಕಡೆ ನೋಡದೆ ಏನೋ ಟೈಪು ಮಾಡಿದರು. ಬತ್ತಿದ ದಿನಗಳಿಗೆಲ್ಲ ಚಿತ್ರದ ಚೌಕಟ್ಟಿನ ಕೆಳಗೆ ಒಂದೊಂದು ಕೆಂಪು ಗುರುತು ಬಿತ್ತು. ಬೇಸಿಗೆಯ ಭಾಗದಲ್ಲಿ ಆ ಗುರುತುಗಳು ಒತ್ತೊತ್ತಾಗಿ ಸೇರಿ ಕೆಂಪು ಪಟ್ಟಿಯಾದವು.

ಲೈನ್ ಮನೆಯ ರಾಜಮ್ಮ ಬಾಗಿಲ ಬಳಿ ನಿಂತಿದ್ದವಳು, “ಅದೇ ಸಾರ್, ನಾವು ತೋಟದ ಕೆಲಸ ಬಿಟ್ಟು ಟ್ಯಾಂಕಿನ ಹತ್ರ ಕೊಡ ಇಟ್ಕೊಂಡು ಕೂತಿದ್ದ ದಿನ. ಕೆಂಪಗೆ ಚೆನ್ನಾಗಿ ಕಾಣ್ತದೆ ಈಗ” ಎಂದಳು.

ಅನುಮತಿ ಸಿಗಲಿಲ್ಲ. ಕಾಟೇಜಿನವರು ಬೇರೆ ತಜ್ಞರಿಂದ ಬೇರೆ ವರದಿ ತರಿಸುತ್ತಿದ್ದಾರೆಂದು ಈಗ ಸುದ್ದಿಯಿದೆ. “ಈ ಸಲ ದೊಡ್ಡ ಪ್ರೊಫೆಸರ್ ಅಂತೆ ಆಂಟಿ” ಎಂದು ಅಯ್ಯಪ್ಪನೇ ಬಂದು ಎಚ್ಚರಿಸಿದ. ಬರಲಿ. ಅವರ ಚಿತ್ರವನ್ನೂ ನೋಡುತ್ತೇನೆ, ಚಿತ್ರದಲ್ಲಿ ಇಲ್ಲದ್ದನ್ನೂ ಕೇಳುತ್ತೇನೆ. ಪರದೆಯ ಮೇಲೆ ಕಂಡದ್ದಕ್ಕೆ ತಲೆಯಾಡಿಸುವ ಮೊದಲು, ಅಲ್ಲಿಗೆ ಬಾರದೆ ಉಳಿದದ್ದು ಯಾವುದೆಂದು ವಿಚಾರಿಸುವ ಹಕ್ಕು ಏಳನೆಯ ತರಗತಿಯವಳಿಗೂ ಇದೆ.

ಇಂದು ಬೆಳಿಗ್ಗೆಯೂ ಕಾಫಿ ಮುಗಿಸಿ ಹಲಗೆಯ ಬಳಿಗೆ ಹೋಗಿದ್ದೆ. ಕಚ್ಚಿನಲ್ಲಿ ಒಣಗಿದ ಎಲೆಯೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ನೋಡಿದೆ, ತೇವವಿರಲಿಲ್ಲ. ಅಲ್ಲಿಯೇ ನಿಂತು ‘ನಿಲ್’ ಎಂದು ಕಳುಹಿಸಿ ಬಂದೆ.